ದತ್ತಾಂಶ ವರ್ಗಾವಣೆ ದರದ ಏಕಮಾನಗಳ ಪರಿವರ್ತನೆ (ಹಳೆಯ ಕಂಪ್ಯೂಟರ್ ಯಂತ್ರಾಂಶ)

ದತ್ತಾಂಶ ವರ್ಗಾವಣೆ ದರ ಎಂದರೆ ಒಂದು ಸಾಧನದಿಂದ ಇನ್ನೊಂದು ಸಾಧನಕ್ಕೆ ಒಂದು ಸೆಕೆಂಡಿನಲ್ಲಿ ಸಾಗುವ ದತ್ತಾಂಶದ ಪ್ರಮಾಣ. ಮೋಡೆಮ್, ಸೀರಿಯಲ್ ಪೋರ್ಟ್, ಫ್ಲಾಪಿ ಡ್ರೈವ್, ಸಿ.ಡಿ. ಡ್ರೈವ್ ಮೊದಲಾದ ಹಳೆಯ ಸಾಧನಗಳಲ್ಲಿ ಈ ದರವನ್ನು ಬಿಟ್, ಬೈಟ್, ಬಾಡ್, ‘ಎಕ್ಸ್’ ಎಂಬ ಬೇರೆ ಬೇರೆ ಏಕಮಾನಗಳಲ್ಲಿ ನಮೂದಿಸಲಾಗುತ್ತಿತ್ತು. ಬಿಟ್‌ಗಳಲ್ಲಿರುವ ದರವನ್ನು ಎಂಟರಿಂದ ಭಾಗಿಸಿದರೆ ಬೈಟ್‌ಗಳಲ್ಲಿ ಉತ್ತರ ದೊರೆಯುತ್ತದೆ ಎಂಬುದು ಪಠ್ಯಪುಸ್ತಕದ ನಿಯಮ. ಹಳೆಯ ಯಂತ್ರಾಂಶಗಳ ವಿಷಯದಲ್ಲಿ ಈ ನಿಯಮ ಅನೇಕ ವೇಳೆ ತಪ್ಪು ಉತ್ತರವನ್ನು ನೀಡುತ್ತದೆ. ತಂತಿಯಲ್ಲಿ ಹರಿಯುವ ಬಿಟ್‌ಗಳೆಲ್ಲವೂ ಬಳಕೆದಾರನ ದತ್ತಾಂಶವಾಗಿರುವುದಿಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ.

ಬಿಟ್ ಮತ್ತು ಬೈಟ್

0 ಅಥವಾ 1 ಎಂಬ ಒಂದು ಅಂಕೆಯೇ ಬಿಟ್. ಎಂಟು ಬಿಟ್‌ಗಳು ಸೇರಿ ಒಂದು ಬೈಟ್. ಸಂಕ್ಷೇಪವಾಗಿ ಬರೆಯುವಾಗ ಬಿಟ್‌ಗೆ ಇಂಗ್ಲಿಷಿನ ಸಣ್ಣ ‘ಬಿ’ ಅಕ್ಷರವನ್ನೂ ಬೈಟ್‌ಗೆ ದೊಡ್ಡ ‘ಬಿ’ ಅಕ್ಷರವನ್ನೂ ಬಳಸುವುದು ರೂಢಿ. ಕನ್ನಡ ಲಿಪಿಯಲ್ಲಿ ಸಣ್ಣ ಅಕ್ಷರ, ದೊಡ್ಡ ಅಕ್ಷರ ಎಂಬ ಭೇದವಿಲ್ಲ. ಆದ್ದರಿಂದ ‘ಕೆಬಿಪಿಎಸ್’ ಎಂದು ಕನ್ನಡದಲ್ಲಿ ಬರೆದಾಗ ಅದು ಕಿಲೋಬಿಟ್ಟೋ ಕಿಲೋಬೈಟೋ ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ. ಎಂಟು ಪಟ್ಟು ವ್ಯತ್ಯಾಸ ಒಂದು ಸಂಕ್ಷೇಪದಲ್ಲಿ ಮರೆಯಾಗಿಬಿಡುತ್ತದೆ. ಕನ್ನಡದಲ್ಲಿ ಬರೆಯುವವರು ‘ಕಿಲೋಬಿಟ್’, ‘ಕಿಲೋಬೈಟ್’ ಎಂದು ಪೂರ್ಣವಾಗಿ ಬರೆಯುವುದೇ ಲೇಸು.

ಸಾವಿರವೋ, 1024ವೋ

ಸಂಪರ್ಕ ತಂತ್ರಜ್ಞಾನದಲ್ಲಿ ಕಿಲೋ ಎಂದರೆ 1000. ಕಂಪ್ಯೂಟರಿನ ಸ್ಮೃತಿಯ ಲೆಕ್ಕದಲ್ಲಿ ಮಾತ್ರ ಕಿಲೋಬೈಟ್ ಎಂದರೆ 1024 ಬೈಟ್ ಎಂಬ ಬಳಕೆ ಬೆಳೆದು ಬಂದಿತು. ಈ ಗೊಂದಲವನ್ನು ನಿವಾರಿಸಲು ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗವು 1998ರಲ್ಲಿ 1024 ಬೈಟ್‌ಗಳಿಗೆ ‘ಕಿಬಿಬೈಟ್’ ಎಂಬ ಪ್ರತ್ಯೇಕ ಹೆಸರನ್ನು ಸೂಚಿಸಿತು. ಹಳೆಯ ಸಾಧನಗಳ ಕೈಪಿಡಿಗಳು ಅದಕ್ಕೂ ಹಿಂದಿನವಾದ್ದರಿಂದ ಅವುಗಳಲ್ಲಿ ಈ ಪದ ಕಾಣುವುದಿಲ್ಲ. ‘1.44 ಮೆಗಾಬೈಟ್’ ಫ್ಲಾಪಿಯಂತೂ ಎರಡೂ ಪದ್ಧತಿಗಳ ವಿಚಿತ್ರ ಮಿಶ್ರಣ: ಅದರ ನಿಜವಾದ ಧಾರಣಶಕ್ತಿ 1440 × 1024, ಅಂದರೆ 14,74,560 ಬೈಟ್. ಇಲ್ಲಿ ಮೆಗಾ ಎಂದರೆ ಹತ್ತು ಲಕ್ಷವೂ ಅಲ್ಲ, 1024ರ ವರ್ಗವೂ ಅಲ್ಲ; 1000 × 1024.

ಬಾಡ್

ಫ್ರಾನ್ಸಿನ ತಂತಿ ಇಂಜಿನಿಯರ್ ಎಮಿಲ್ ಬೋದೊ (1845–1903) ಅವರ ಹೆಸರಿನಿಂದ ಬಂದ ಈ ಏಕಮಾನವು ಒಂದು ಸೆಕೆಂಡಿನಲ್ಲಿ ಕಳುಹಿಸಲಾಗುವ ಸಂಕೇತಗಳ ಸಂಖ್ಯೆಯನ್ನು ಸೂಚಿಸುತ್ತದೆ, ಬಿಟ್‌ಗಳ ಸಂಖ್ಯೆಯನ್ನಲ್ಲ. ಬೆಲ್ 103 ಮಾದರಿಯ ಮೋಡೆಮಿನಲ್ಲಿ ಒಂದು ಸಂಕೇತಕ್ಕೆ ಒಂದೇ ಬಿಟ್ ಇದ್ದುದರಿಂದ 300 ಬಾಡ್ ಮತ್ತು ಸೆಕೆಂಡಿಗೆ 300 ಬಿಟ್ ಒಂದೇ ಆಗಿದ್ದವು. ಎರಡೂ ಒಂದೇ ಎಂಬ ತಪ್ಪು ಗ್ರಹಿಕೆ ಉಳಿದು ಬರಲು ಇದೂ ಒಂದು ಕಾರಣ. ಅನಂತರದ ವಿ.22 ಬಿಸ್ ಮಾನಕದಲ್ಲಿ ಸಂಕೇತಗಳ ವೇಗ 600 ಬಾಡ್. ಪ್ರತಿ ಸಂಕೇತವೂ 4 ಬಿಟ್‌ಗಳನ್ನು ಹೊರುತ್ತಿದ್ದುದರಿಂದ ದರ ಸೆಕೆಂಡಿಗೆ 2400 ಬಿಟ್. ಅದನ್ನು ‘2400 ಬಾಡ್ ಮೋಡೆಮ್’ ಎಂದು ಕರೆಯುವುದು ವಾಡಿಕೆಯಾದರೂ ಶಾಸ್ತ್ರೀಯವಾಗಿ ಸರಿಯಲ್ಲ.

ಸೀರಿಯಲ್ ಪೋರ್ಟ್: ಹತ್ತರಿಂದ ಭಾಗಿಸುವ ಲೆಕ್ಕ

ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿಯೇ. ಆರ್.ಎಸ್.-232 ಸೀರಿಯಲ್ ಪೋರ್ಟಿನಲ್ಲಿ ಪ್ರತಿ ಬೈಟಿನ ಮೊದಲಿಗೆ ಒಂದು ಆರಂಭದ ಬಿಟ್, ಕೊನೆಗೆ ಒಂದು ಅಂತ್ಯದ ಬಿಟ್ ಸೇರುವುದು ಅತ್ಯಂತ ಸಾಮಾನ್ಯವಾದ ವ್ಯವಸ್ಥೆ. ಎಂಟು ಬಿಟ್‌ಗಳ ದತ್ತಾಂಶವನ್ನು ಸಾಗಿಸಲು ಹತ್ತು ಬಿಟ್‌ಗಳ ಕಾಲ ಬೇಕು. ಆದ್ದರಿಂದ ಸೆಕೆಂಡಿಗೆ 9600 ಬಿಟ್ ಎಂದರೆ 1200 ಬೈಟ್ ಅಲ್ಲ, 960 ಬೈಟ್. ಪ್ಯಾರಿಟಿ ಬಿಟ್ ಒಂದನ್ನು ಸೇರಿಸಿದ್ದರೆ ಹನ್ನೊಂದರಿಂದ ಭಾಗಿಸಬೇಕು.

ಹಳೆಯ ಯಂತ್ರದಲ್ಲಿ ಉಳಿದಿರುವ ಕಡತಗಳನ್ನು ಸೀರಿಯಲ್ ಕೇಬಲ್ ಮೂಲಕ ಹೊರತೆಗೆಯುವವರಿಗೆ ಈ ವ್ಯತ್ಯಾಸ ಬಹಳ ಮುಖ್ಯ. ಒಂದು ಫ್ಲಾಪಿಯಷ್ಟು ದತ್ತಾಂಶವನ್ನು ಈ ವೇಗದಲ್ಲಿ ಕಳುಹಿಸಲು 14,74,560 ÷ 960 = 1536 ಸೆಕೆಂಡ್, ಅಂದರೆ 25 ನಿಮಿಷ 36 ಸೆಕೆಂಡ್ ಬೇಕು. ಎಂಟರಿಂದ ಭಾಗಿಸಿದವರು ಸುಮಾರು ಇಪ್ಪತ್ತೂವರೆ ನಿಮಿಷವನ್ನಷ್ಟೇ ನಿರೀಕ್ಷಿಸುತ್ತಾರೆ. ಆ ಹೊತ್ತು ಮೀರಿದೊಡನೆ ಯಂತ್ರ ನಿಂತುಹೋಯಿತೆಂದು ಭಾವಿಸಿ ಸಂಪರ್ಕ ಕಡಿದರೆ, ಸರಿಯಾಗಿಯೇ ಸಾಗುತ್ತಿದ್ದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಶಿಥಿಲಗೊಂಡ ಫ್ಲಾಪಿಯು ಎರಡನೆಯ ಬಾರಿ ಓದಲು ಸಿಕ್ಕೀತೆಂಬ ಭರವಸೆಯಿಲ್ಲ.

ಈ ವೇಗಗಳು ಏಕೆ ಇಂಥ ವಿಚಿತ್ರ ಸಂಖ್ಯೆಗಳಲ್ಲಿವೆ ಎಂಬ ಪ್ರಶ್ನೆ ವಿದ್ಯಾರ್ಥಿಗಳಿಗೆ ಸಹಜವಾಗಿ ಬರುತ್ತದೆ. ಪಿ.ಸಿ.ಗಳ ಸೀರಿಯಲ್ ಪೋರ್ಟಿನ ಗಡಿಯಾರವು ಸೆಕೆಂಡಿಗೆ 18,43,200 ಬಾರಿ ಮಿಡಿಯುತ್ತದೆ. ಅದನ್ನು 16ರಿಂದ ಭಾಗಿಸಿದಾಗ ಗರಿಷ್ಠ ವೇಗವಾದ 1,15,200 ದೊರೆಯುತ್ತದೆ; ಅದನ್ನು ಮತ್ತೆ 12ರಿಂದ ಭಾಗಿಸಿದರೆ 9600. ಎರಡು ತುದಿಗಳಲ್ಲಿಯೂ ಒಂದೇ ವೇಗವನ್ನು ನಿಗದಿಪಡಿಸದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಮೂಡುತ್ತವೆ.

ಪ್ರಾಸಂಗಿಕವಾಗಿ ಒಂದು ಮಾತು: ಇಂದಿನ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ವಿರಾಮಚಿಹ್ನೆಯೂ (ಹಲಂತ) ಸೇರಿ ಐದು ಸಂಕೇತಗಳು, ಅಂದರೆ 15 ಬೈಟ್. ಸೆಕೆಂಡಿಗೆ 300 ಬಿಟ್ ವೇಗದ ತಂತಿಯಲ್ಲಿ ಆ ಒಂದು ಪದ ಸಾಗಲು ಅರ್ಧ ಸೆಕೆಂಡ್ ಹಿಡಿಯುತ್ತದೆ.

ಫ್ಲಾಪಿ ಮತ್ತು ಸಿ.ಡಿ. ಡ್ರೈವ್‌ಗಳು

1.44 ಮೆಗಾಬೈಟ್ ಫ್ಲಾಪಿ ಡ್ರೈವಿನ ದರ ಸೆಕೆಂಡಿಗೆ 500 ಕಿಲೋಬಿಟ್. ಎಂಟರಿಂದ ಭಾಗಿಸಿದರೆ 62,500 ಬೈಟ್. ಆದರೆ ತಟ್ಟೆಯು ನಿಮಿಷಕ್ಕೆ 300 ಸುತ್ತು, ಅಂದರೆ ಸೆಕೆಂಡಿಗೆ 5 ಸುತ್ತು ತಿರುಗುತ್ತದೆ. ಒಂದು ಸುತ್ತಿನಲ್ಲಿರುವುದು 512 ಬೈಟ್‌ಗಳ 18 ಸೆಕ್ಟರ್ ಮಾತ್ರ. ಆದ್ದರಿಂದ ದೊರೆಯುವುದು ಹೆಚ್ಚೆಂದರೆ ಸೆಕೆಂಡಿಗೆ 46,080 ಬೈಟ್. ಉಳಿದ ಭಾಗ ಸೆಕ್ಟರುಗಳ ಗುರುತಿಗೂ ನಡುವಣ ತೆರಪಿಗೂ ವ್ಯಯವಾಗುತ್ತದೆ.

ಸಿ.ಡಿ. ಡ್ರೈವಿನ ‘1 ಎಕ್ಸ್’ ಎಂದರೆ ಸೆಕೆಂಡಿಗೆ 2048 ಬೈಟ್‌ಗಳ 75 ಸೆಕ್ಟರ್, ಅಂದರೆ 1,53,600 ಬೈಟ್ ಅಥವಾ 150 ಕಿಬಿಬೈಟ್. ‘52 ಎಕ್ಸ್’ ಎಂಬ ನಮೂದು ತಟ್ಟೆಯ ಹೊರ ಅಂಚಿನಲ್ಲಿ ಮಾತ್ರ ದೊರೆಯುವ ಗರಿಷ್ಠ ವೇಗ. ಡಿ.ವಿ.ಡಿ.ಯ ‘1 ಎಕ್ಸ್’ ಇದರ ಸುಮಾರು ಒಂಬತ್ತು ಪಟ್ಟು; ಎರಡರ ‘ಎಕ್ಸ್’ಗಳನ್ನು ನೇರವಾಗಿ ಹೋಲಿಸಲಾಗದು.

ಇತರ ಸಾಧನಗಳು

ಪಿ.ಸಿ.ಐ. ಬಸ್ಸಿನಲ್ಲಿ 32 ಬಿಟ್‌ಗಳು ಸಮಾನಾಂತರವಾಗಿ ಸಾಗುವುದರಿಂದ ಲೆಕ್ಕ ಸುಲಭ: 33.33 ಮೆಗಾಹರ್ಟ್ಸ್ × 4 ಬೈಟ್ = ಸೆಕೆಂಡಿಗೆ ಸುಮಾರು 133 ಮೆಗಾಬೈಟ್. ಯು.ಎಸ್.ಬಿ. 1.1ರ 12 ಮೆಗಾಬಿಟ್ ದರವು 1.5 ಮೆಗಾಬೈಟ್‌ಗೆ ಸಮವೆನಿಸಿದರೂ ಕಡತಗಳ ವರ್ಗಾವಣೆಯಲ್ಲಿ 1.216 ಮೆಗಾಬೈಟ್ ಮೀರದು. ಮೊದಲ ತಲೆಮಾರಿನ ಸಾಟಾ ಹಾರ್ಡ್ ಡಿಸ್ಕ್‌ನಲ್ಲಿ ಹತ್ತರ ಲೆಕ್ಕ ಮತ್ತೆ ಬರುತ್ತದೆ: ಪ್ರತಿ ಎಂಟು ಬಿಟ್‌ಗಳನ್ನು ಹತ್ತು ಬಿಟ್‌ಗಳಾಗಿ ಸಂಕೇತಿಸುವುದರಿಂದ 1.5 ಗಿಗಾಬಿಟ್ ಎಂದರೆ 150 ಮೆಗಾಬೈಟ್.