ಪೇಜ್‌ಮೇಕರ್ ಬಿಡದವರು

ವಿಂಡೋಸ್ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ ಕೈಬಿಟ್ಟದ್ದು 2014ರ ಏಪ್ರಿಲ್ 8ರಂದು. ಪುಟವಿನ್ಯಾಸದ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಆವೃತ್ತಿ ಹೊರಬಂದದ್ದು ಅದಕ್ಕೂ ಬಹಳ ಹಿಂದೆ, 2001ರಲ್ಲಿ. ಹೆತ್ತವರೇ ಇವೆರಡನ್ನೂ ತೊರೆದ ಮೇಲೂ ಕರ್ನಾಟಕದ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಸಹಕಾರ ಸಂಘದ ವಾರ್ಷಿಕ ವರದಿ, ಅಭಿನಂದನ ಗ್ರಂಥ, ಕವನ ಸಂಕಲನ ಎಲ್ಲವೂ ಇವುಗಳಲ್ಲೇ ಸಿದ್ಧವಾಗುತ್ತಿದ್ದವು. ಈ ಹಟಕ್ಕೆ ಕಂಪ್ಯೂಟರ್ ಬಲ್ಲವರು ಸೋಮಾರಿತನ ಎಂದು ಹೆಸರಿಟ್ಟರು. ಅದು ಅರ್ಧ ಸತ್ಯ ಕೂಡ ಅಲ್ಲ. ಕನ್ನಡವು ಗಣಕಕ್ಕೆ ಹೊಕ್ಕ ಬಗೆಯನ್ನು ನೋಡಿದರೆ ರೂಢಿ ಎಂಬುದರಲ್ಲಿ ಎರಡು ಜಾತಿ ಕಾಣುತ್ತವೆ: ಬೆರಳಿಗೆ ಅಂಟಿದ್ದು ಒಂದು, ಫೈಲಿನೊಳಗೆ ಕೂತದ್ದು ಇನ್ನೊಂದು. ಬೆರಳಿನ ರೂಢಿಗೆ ಕೈಹಾಕದ ಬದಲಾವಣೆ ಸದ್ದಿಲ್ಲದೆ ನೆಲೆಯೂರಿತು. ಫೈಲಿನ ರೂಢಿಯನ್ನು ಜೋಪಾನ ಮಾಡಿಕೊಂಡದ್ದಕ್ಕೆ ಮಾತ್ರ ಈಗಲೂ ದಂಡ ಕಟ್ಟುತ್ತಿದ್ದೇವೆ.

ಫೈಲಿನ ರೂಢಿ ಹುಟ್ಟಿದ್ದು ಬೇರೆ ದಾರಿಯಿಲ್ಲದೆ. 1990ರ ದಶಕದ ವಿಂಡೋಸ್‌ಗೆ ಕನ್ನಡ ಬರುತ್ತಿರಲಿಲ್ಲ. ಒತ್ತಕ್ಷರವನ್ನು ಕೆಳಗೆ ಇಳಿಸಬೇಕು, ಮೊದಲು ಉಚ್ಚರಿಸಿದ ರಕಾರವನ್ನು ಅರ್ಕಾವತ್ತಾಗಿಸಿ ಮುಂದಿನ ಅಕ್ಷರದ ಬಲಕ್ಕೆ ಒಯ್ಯಬೇಕು ಎಂಬ ತಿಳಿವಳಿಕೆ ಅದಕ್ಕೆ ಇರಲಿಲ್ಲ. ಆದ್ದರಿಂದ ತಂತ್ರಜ್ಞರು ಮೊಳೆ ಜೋಡಿಸುವವರ ಹಳೆಯ ಉಪಾಯಕ್ಕೆ ಹತ್ತಿರವಾದದ್ದನ್ನೇ ಮಾಡಿದರು. ಅಕ್ಷರಗಳನ್ನು ತುಂಡು ಮಾಡಿ, ಇಂಗ್ಲಿಷ್ ಮತ್ತಿತರ ಯುರೋಪಿನ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕೂರಿಸಿದರು. ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ 'ಕ' ಎಂದರೆ ಎರಡು ಸಂಖ್ಯೆಗಳು: ಒಡಲಿಗೆ 80, ತಲೆಕಟ್ಟಿಗೆ 192. ಆ 80 ಮೂಲದಲ್ಲಿ ಇಂಗ್ಲಿಷಿನ ದೊಡ್ಡ 'ಪಿ'ಯ ಮನೆ. ನಮ್ಮ ಕಣ್ಣಿಗೆ 'ಕ' ಕಾಣುತ್ತದೆ, ಯಂತ್ರದ ಪಾಲಿಗೆ ಅದು ವೇಷ ಹಾಕಿದ 'ಪಿ'. ಎಲ್ಲ ಲಿಪಿಗಳಿಗೂ ಸಮಾನವಾದ ಸಂಕೇತಪದ್ಧತಿ ಯುನಿಕೋಡಿನಲ್ಲಾದರೆ ಅದೇ ಅಕ್ಷರಕ್ಕೆ ಒಂದೇ ಸಂಖ್ಯೆ, 3221, ಅದು ಬೇರೆ ಯಾವ ಲಿಪಿಯ ಅಕ್ಷರಕ್ಕೂ ಸೇರಿದ್ದಲ್ಲ. 1991ರ ಮೊದಲ ಆವೃತ್ತಿಯಿಂದಲೇ ಯುನಿಕೋಡಿನಲ್ಲಿ ಕನ್ನಡವಿತ್ತು. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಎಲೆಗೆ ಊಟ ಬೀಳುವುದಿಲ್ಲ. ವಿಂಡೋಸ್ 2000ದಲ್ಲಿ ದೇವನಾಗರಿ, ತಮಿಳು ಬಂದವು, ಕನ್ನಡ ಬರಲಿಲ್ಲ. 2001ರ ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನ ಜೊತೆ ಅದರ ಸರದಿ ಬಂತು. ಅಷ್ಟು ಹೊತ್ತಿಗೆ ಶೇಷಾದ್ರಿವಾಸು ಅವರ ಬರಹ ಬಂದು ಮೂರು ವರ್ಷ ದಾಟಿತ್ತು, ಅಚ್ಚಿನವರ ಕೈಯಲ್ಲಿ ಪುಣೆಯ ಶ್ರೀಲಿಪಿ ಪಳಗಿತ್ತು, ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳನ್ನು ಹೊಗುವ ಸಿದ್ಧತೆಯಲ್ಲಿತ್ತು.

ಬೆರಳಿನ ಕಥೆ ಇದಕ್ಕೆ ತದ್ವಿರುದ್ಧ, ಮತ್ತು ಹೆಚ್ಚು ಸ್ವಾರಸ್ಯದ್ದು. 1986ರಲ್ಲಿ ಕೇಂದ್ರ ಸರ್ಕಾರದ ಇಲೆಕ್ಟ್ರಾನಿಕ್ಸ್ ಇಲಾಖೆ ಇನ್‌ಸ್ಕ್ರಿಪ್ಟ್ ಕೀಲಿಮಣೆಯನ್ನು ರೂಪಿಸಿತು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಎಲ್ಲ ಭಾರತೀಯ ಲಿಪಿಗಳಲ್ಲೂ ಒಂದೇ ಧ್ವನಿಗೆ ಒಂದೇ ಕೀಲಿ, ಹಿಂದಿ ಕಲಿತವನು ಅದೇ ಬೆರಳುಗಳಲ್ಲಿ ಕನ್ನಡವನ್ನೂ ಒತ್ತಬಹುದು. ತರ್ಕದಲ್ಲಿ ಕುಂದಿಲ್ಲ, ವಿಂಡೋಸಿನ ಒಳಗೇ ಪುಕ್ಕಟೆಯಾಗಿಯೂ ಬಂತು. ಆದರೂ ಕನ್ನಡಿಗರು ಅದನ್ನು ಅಷ್ಟಾಗಿ ಒಪ್ಪಿಕೊಳ್ಳಲಿಲ್ಲ. ಅವರು ಒಪ್ಪಿದ್ದು ಕೆ.ಪಿ. ರಾವ್ ಅವರ ವಿನ್ಯಾಸವನ್ನು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ 'ಸೇಡಿಯಾಪು' ಎಂದು ಹೆಸರಿಟ್ಟ ತಂತ್ರಾಂಶದಲ್ಲಿ ರಾಯರು ಮಾಡಿದ್ದು ನೋಡಲು ಸರಳ ಲೆಕ್ಕಾಚಾರ: ಇಡೀ ಕನ್ನಡ ವರ್ಣಮಾಲೆಯನ್ನು ಇಂಗ್ಲಿಷಿನ 26 ಅಕ್ಷರದ ಕೀಲಿಗಳಲ್ಲೇ ಅಡಗಿಸುವುದು, ಅಂಕಿ ಮತ್ತು ಲೇಖನಚಿಹ್ನೆಗಳ ಕೀಲಿಗಳನ್ನು ಮುಟ್ಟದಿರುವುದು. 'ಕೆ' ಒತ್ತಿದರೆ ಕ, 'ಎನ್' ಒತ್ತಿದರೆ ನ, 'ಎಫ್' ಒತ್ತಿದರೆ ಅರ್ಧಾಕ್ಷರ ಮಾಡುವ ಚಿಹ್ನೆ, 'ಡಬ್ಲ್ಯು' ಒತ್ತಿದರೆ ಡ. ಹೀಗೆ 'ಕನ್ನಡ' ಎಂಬ ಪದಕ್ಕೆ ಐದೇ ಒತ್ತು. ಇದೇ ವಿನ್ಯಾಸವನ್ನು ರಾಜ್ಯ ಸರ್ಕಾರ ಅಧಿಕೃತವೆಂದು ಒಪ್ಪಿತು, ನುಡಿಯ ಮೂಲಕ ಅದು ಕಚೇರಿ, ಪತ್ರಿಕಾಲಯ, ಅಚ್ಚಿನಂಗಡಿಗಳಿಗೆಲ್ಲ ಹರಡಿತು. ಮುಂದೆ ಅದರ ಕೆಳಗಿದ್ದ ನೆಲವೇ ಬದಲಾಯಿತು. ವಿಂಡೋಸ್ 98 ಹೋಗಿ ಎಕ್ಸ್‌ಪಿ ಬಂತು, ಆಮೇಲೆ 7, 10. ತುಂಡಕ್ಷರದ ಸಂಕೇತ ಹೋಗಿ ಯುನಿಕೋಡ್ ಬಂತು. ಕೆಲವರು ಲಿನಕ್ಸ್‌ಗೂ ಹೋದರು. ಎಲ್ಲಿ ಹೋದರೂ 'ಎಫ್' ಕೀಲಿ ಅರ್ಧಾಕ್ಷರವನ್ನೇ ಮಾಡುತ್ತಿತ್ತು, ಒಳಗಿನ ಸಂಖ್ಯೆ ಬದಲಾದದ್ದು ಬೆರಳಿಗೆ ಗೊತ್ತೇ ಆಗಲಿಲ್ಲ.

ಇಲ್ಲಿ ಒಂದು ಆಕ್ಷೇಪ ನ್ಯಾಯವಾಗಿಯೇ ಏಳುತ್ತದೆ. ರಾಯರ ವಿನ್ಯಾಸವೂ ಒಂದು ಕಾಲಕ್ಕೆ ಹೊಸದೇ ತಾನೆ? ಕನ್ನಡ ಬೆರಳಚ್ಚು ಯಂತ್ರಕ್ಕೆ ಅನಂತಸುಬ್ಬರಾಯರು ಕೊಟ್ಟ ಕೀಲಿಮಣೆಯಲ್ಲಿ ಪರೀಕ್ಷೆ ಪಾಸು ಮಾಡಿ ನೌಕರಿ ಹಿಡಿದವರು ಆ ಬೆರಳನ್ನು ಮರೆಯಬೇಕಾಯಿತಲ್ಲ? ಹೌದು, ಅವರಿಗೆ ನಷ್ಟವಾಯಿತು. ಅವರ ಸಂಕಟ ಈ ಇತಿಹಾಸದಲ್ಲಿ ಎಲ್ಲೂ ದಾಖಲಾಗದಿರುವುದು ಬೇಸರದ ಸಂಗತಿ. ಆದರೆ ಹೊಸ ವಿನ್ಯಾಸ ಶೂನ್ಯದಲ್ಲಿ ನಿಂತಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಕೀಲಿಗಳ ಜಾಗ ಮೊದಲೇ ಪರಿಚಿತ, ರಾಯರು ಕಾಲೂರಿದ್ದು ಆ ಪರಿಚಯದ ಮೇಲೆ. ಅಂದರೆ ಅಲ್ಲಿ ಗೆದ್ದದ್ದೂ ಒಂದು ರೂಢಿಯೇ, ಅದು ಇಂಗ್ಲಿಷಿನಿಂದ ಬಂದದ್ದು ಅಷ್ಟೆ. ಇದನ್ನು ಇಂಗ್ಲಿಷಿನ ಗುಲಾಮಗಿರಿ ಎಂದು ಹಳಿಯುವವರೂ ಇದ್ದಾರೆ. ಒಂದೇ ಪುಟದಲ್ಲಿ ಎರಡು ಭಾಷೆ ಒತ್ತಬೇಕಾದ ಡಿಟಿಪಿ ಆಪರೇಟರಿಗೆ ಆ ವಾದ ಸಂಜೆಯೊಳಗೆ ಪುಟ ಮುಗಿಸಿಕೊಡುವುದಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ತೀಕ್ಷ್ಣವಾದದ್ದು: ಬೆರಳು ಬದಲಾಗಬೇಕಿರಲಿಲ್ಲ ಎಂದಮೇಲೆ ಅಚ್ಚಿನವರು 2001ರಲ್ಲೇ ಯುನಿಕೋಡಿಗೆ ಏಕೆ ಬರಲಿಲ್ಲ? ಸೋಮಾರಿತನದ ಆರೋಪ ಬಿದ್ದುಹೋಗುವುದು ಇಲ್ಲಿ. ಪೇಜ್‌ಮೇಕರಿಗೆ ಯುನಿಕೋಡ್ ಕನ್ನಡವನ್ನು ಜೋಡಿಸಲು ಬರುತ್ತಲೇ ಇರಲಿಲ್ಲ. ಅದರ ಉತ್ತರಾಧಿಕಾರಿ ಇನ್‌ಡಿಸೈನ್ ಭಾರತೀಯ ಲಿಪಿಗಳಿಗೆ ಸರಿಯಾದ ಆಸರೆ ಕೊಟ್ಟದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ವಿಂಡೋಸ್ ಕನ್ನಡ ಕಲಿತ ಮೇಲೆ ಹನ್ನೊಂದು ವರ್ಷ ಅಚ್ಚಿನ ಕಸುಬಿಗೆ ಹಾದಿಯೇ ಇರಲಿಲ್ಲ. ಸೇತುವೆ ಕಟ್ಟದೆ ಆಚೆ ದಡದಲ್ಲಿ ನಿಂತು ಬನ್ನಿರೆಂದು ಕೂಗಿದ ಹಾಗಾಯಿತು. ಮೇಲಾಗಿ ಶೀರ್ಷಿಕೆಗೆ, ಮುಖಪುಟಕ್ಕೆ ಬೇಕಾದ ಬಗೆಬಗೆಯ ಫಾಂಟುಗಳೆಲ್ಲ ಹಳೆಯ ಸಂಕೇತದಲ್ಲಿದ್ದವು, ಯುನಿಕೋಡಿನಲ್ಲಿ ಬೆರಳೆಣಿಕೆಯಷ್ಟು. ಕಾಗುಣಿತದ ತೊಡಕೂ ಇತ್ತು. 'ಸೂರ್ಯ'ಕ್ಕೆ ಅರ್ಕಾವತ್ತು ಬೇಕು, 'ರ‍್ಯಾಂಕ್'ಗೆ ರಕಾರದ ಕೆಳಗೆ ಯಕಾರದ ಒತ್ತು ಬೇಕು. ತುಂಡಕ್ಷರದಲ್ಲಿ ಬೇಕಾದ ತುಂಡನ್ನು ಇಟ್ಟರಾಯಿತು. ಯುನಿಕೋಡಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಸಂಕೇತವನ್ನು ನಡುವೆ ಸೇರಿಸಬೇಕು, ಅದು ಒಂದು ಫಾಂಟಿನಲ್ಲಿ ಸರಿಯಾಗಿ ಕಂಡರೆ ಇನ್ನೊಂದರಲ್ಲಿ ಕೆಡುತ್ತಿತ್ತು. ಪುಟಕ್ಕೆ ಇಷ್ಟೆಂದು ದುಡಿಯುವವನಿಗೆ ಇದು ತತ್ತ್ವದ ಚರ್ಚೆಯಲ್ಲ, ಮತ್ತೊಂದು ಪ್ರೂಫು.

2012ರ ನಂತರದ ಹಟಕ್ಕೆ ಇಷ್ಟು ಸಮರ್ಥನೆ ಸಿಗುವುದಿಲ್ಲ. ಹೊಸ ತಂತ್ರಾಂಶದ ಬೆಲೆ ದೊಡ್ಡದು ಎಂಬ ಮಾತಿನಲ್ಲಿ ಹುರುಳಿದೆ, ಆದರೆ ಅದರ ಲೆಕ್ಕ ಅಂಗಡಿಯ ಖಾತೆಯಲ್ಲಷ್ಟೇ ಮುಗಿಯಲಿಲ್ಲ. 1990ರ ದಶಕದಿಂದ ಸುಮಾರು ಇಪ್ಪತ್ತು ವರ್ಷಗಳಲ್ಲಿ ಅಚ್ಚಾದ ಕನ್ನಡದ ಬಹುಪಾಲು ಬರಹ ತುಂಡಕ್ಷರದ ಫೈಲುಗಳಲ್ಲಿ ಕೂತಿದೆ. ಹುಡುಕುಯಂತ್ರಕ್ಕೆ ಅದು ಕನ್ನಡವೆಂದು ತಿಳಿಯದು, ಪರದೆಯ ಮೇಲಿನ ಪಠ್ಯವನ್ನು ಅಂಧರಿಗೆ ಓದಿ ಹೇಳುವ ತಂತ್ರಾಂಶಕ್ಕೂ ತಿಳಿಯದು, ಅಕಾರಾದಿಯಾಗಿ ಜೋಡಿಸಲು ಹೋದರೆ ಅಕ್ಷರಗಳ ಬದಲು ತುಂಡುಗಳ ಸಾಲು ಸಿಗುತ್ತದೆ. ಪರಿವರ್ತಕ ತಂತ್ರಾಂಶಗಳು ಇವೆ, ಬಹುಮಟ್ಟಿಗೆ ಚೆನ್ನಾಗಿಯೇ ದುಡಿಯುತ್ತವೆ. ತೊಂದರೆ ಬರುವುದು ಇಂಗ್ಲಿಷ್ ಬೆರೆತ ಪುಟಗಳಲ್ಲಿ. ಫಾಂಟಿನ ಹೆಸರು ಕಳಚಿಹೋದ ಫೈಲಿನಲ್ಲಿ 80 ಎಂಬ ಸಂಖ್ಯೆ ಎದುರಾದರೆ ಅದು 'ಕ'ದ ಒಡಲೋ, ನಿಜವಾದ 'ಪಿ'ಯೋ ಎಂದು ಯಂತ್ರ ಹೇಳಲಾರದು. ಪಕ್ಕದಲ್ಲಿ 192 ಇದೆಯೇ ಎಂದು ನೋಡಿ ಊಹಿಸಬೇಕು, ಊಹೆ ತಪ್ಪಿದ ಕಡೆ ಯಾರಾದರೂ ಕೂತು ಸಾಲು ಸಾಲಾಗಿ ತಿದ್ದಬೇಕು. ಹಾಗೆ ತಿದ್ದಲು ಕೂತವರು ಒತ್ತುವುದೂ ಅದೇ 'ಎಫ್' ಕೀಲಿಯನ್ನು.