ಉದುರುವ ಕೊಂಬು, ಉದುರದ ಕೊಂಬು

ಬಿ.ಜಿ. ಕೆರೆಯ ಹಳೆಯ ಮನೆಯೊಂದರ ನಡುಮನೆಯ ಗೋಡೆಯಲ್ಲಿ ತಿರುಚಿದ ಕೊಂಬಿನ ಜೋಡಿಯೊಂದು ತೂಗಾಡುತ್ತಿತ್ತು. “ತಾತನ ಕಾಲದ್ದು ಸ್ವಾಮಿ. ಕಾವಲಿನಲ್ಲಿ ತಾನಾಗಿ ಉದುರಿದ್ದನ್ನು ಆಯ್ದು ತಂದದ್ದಂತೆ” ಎಂದರು ಯಜಮಾನರು. ನಾನೂ ತಲೆದೂಗಿದೆ. ಜಿಂಕೆಯ ಕೊಂಬು ವರ್ಷವರ್ಷವೂ ಉದುರುತ್ತದೆಂದು ತರಗತಿಯಲ್ಲಿ ಹೇಳುತ್ತ ಬಂದವನು ನಾನೇ ಅಲ್ಲವೆ! ಮನೆಗೆ ಬಂದು ಪುಸ್ತಕ ತೆರೆದ ಮೇಲೆ ತಪ್ಪು ತಿಳಿಯಿತು.

ತಪ್ಪಿಗೆ ನಮ್ಮ ಮಾತೂ ಸ್ವಲ್ಪ ಕಾರಣ. ಕನ್ನಡದಲ್ಲಿ ಎತ್ತಿನದೂ ಕೊಂಬೇ, ಕಡವೆಯದೂ ಕೊಂಬೇ. ಕಡವೆ, ಸಾರಗಗಳದು ಕವಲೊಡೆದ ಗಟ್ಟಿ ಮೂಳೆ. ಸಾಧಾರಣವಾಗಿ ವರ್ಷಕ್ಕೊಮ್ಮೆ ಕಳಚಿ ಬೀಳುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಬಯಲಿನ ಕೃಷ್ಣಮೃಗವಾದರೋ ದನಕುರಿಗಳ ಬಳಗ. ಅದರ ಕೊಂಬು ಮೂಳೆಯ ಮೇಲೆ ತೊಡಿಸಿದ ಒರೆ. ಬೆಳೆಯುವುದೇ ಹೊರತು ಉದುರದು.

ಕೊಂಬು ಕಳಚುವ ಸಂಗತಿ ಹಿಂದಿನವರಿಗೂ ಗೊತ್ತಿತ್ತು. ಕ್ರಿ.ಪೂ. 322ರಲ್ಲಿ ತೀರಿಕೊಂಡ ಗ್ರೀಕ್ ಪಂಡಿತ ಅರಿಸ್ಟಾಟಲ್, ಗಂಡುಜಿಂಕೆ ವರ್ಷಕ್ಕೊಮ್ಮೆ ಕೊಂಬು ಕಳಚುವುದೆಂದೂ ಬೀಜ ಒಡೆಸಿದ್ದು ಕಳಚದೆಂದೂ ಬರೆದ. ಇದು ಪೂರ್ತಿ ಸರಿಯಲ್ಲ. ಬಲಿತ ಕೊಂಬಿರುವಾಗ ಬೀಜ ಒಡೆಸಿದರೆ ಕೊಂಬು ಕೆಲವೇ ವಾರಗಳಲ್ಲಿ ಬೀಳುತ್ತದೆ. ಆಮೇಲೆ ಹುಟ್ಟಿದ್ದು ಮಾತ್ರ ಬಲಿಯದೆ ಉಳಿಯುತ್ತದೆ. ಆದರೂ ಗಂಡುತನಕ್ಕೂ ಕೊಂಬಿಗೂ ನಂಟುಂಟೆಂದು ಕಂಡ ಆ ಕಣ್ಣು ದೊಡ್ಡದು. ಬೆದೆಯ ಕಾಲ ಮುಗಿದು ಟೆಸ್ಟೋಸ್ಟಿರೋನ್ ಇಳಿದಾಗ ಬುಡದ ಮೂಳೆ ಸವೆದು ಕೊಂಬು ಕಳಚುತ್ತದೆ. ಗಾಯ ಮಾಯುತ್ತಿದ್ದಂತೆಯೇ ಮಕಮಲ್ಲಿನಂಥ, ರಕ್ತನಾಳ ತುಂಬಿದ ಚರ್ಮದೊಳಗೆ ಹೊಸದು ಚಿಗುರುತ್ತದೆ. ಅದು ಬಲಿತ ಮೇಲೆ ಚರ್ಮ ಒಣಗುತ್ತದೆ. ಮೃಗ ಮರಕ್ಕೆ ತಿಕ್ಕಿ ಸುಲಿದುಕೊಳ್ಳುತ್ತದೆ. ನಮ್ಮ ಕಡವೆ ಹೆಚ್ಚಾಗಿ ಮಾರ್ಚ್, ಏಪ್ರಿಲ್ ಹೊತ್ತಿಗೆ ಕಳಚಿ ಮಳೆಗಾಲದಲ್ಲಿ ಬೆಳೆಸಿಕೊಳ್ಳುತ್ತದೆ. ಸಾರಗಗಳಿಗೆ ಒಂದೇ ಪಂಚಾಂಗವಿಲ್ಲ; ಬಲಿತ ಕೊಂಬಿನದೂ ಮೊಳಕೆ ಕೊಂಬಿನದೂ ಒಂದೇ ಹಿಂಡಿನಲ್ಲಿ ಮೇಯುವುದುಂಟು. ಬಿದ್ದದ್ದನ್ನು ಮುಳ್ಳುಹಂದಿ ಸುಣ್ಣದಂಶಕ್ಕಾಗಿ ಕಡಿಯುತ್ತದೆ. ಕಡವೆಯ ಕೊಂಬು ಒಂದು ಕಾಲಕ್ಕೆ ಇಂಗ್ಲೆಂಡಿನ ಷೆಫೀಲ್ಡಿನವರೆಗೂ ಹೋಗಿ ಚಾಕುವಿನ ಹಿಡಿಯಾಗುತ್ತಿತ್ತು.

ಹಾಗಾದರೆ ಗೋಡೆಯ ಮೇಲಿನ ಜೋಡಿ? ಕೃಷ್ಣಮೃಗದ ಕೊಂಬಿನ ಜೋಡಿ ಕೈಗೆ ಬರಬೇಕಾದರೆ ಮೃಗ ಸತ್ತಿರಲೇಬೇಕು. ಅದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದ ಅಶೋಕನ ಶಾಸನ, ಪ್ರಾಣಿದಯೆಯಲ್ಲಿ ದೃಢವಾಗಿರಬೇಕೆನ್ನುತ್ತದೆ. ತನ್ನ ಅಡುಗೆಮನೆಗೆ ಎರಡು ನವಿಲು, ಒಂದು ಜಿಂಕೆ ಮಾತ್ರ, ಆ ಜಿಂಕೆಯೂ ನಿತ್ಯವಲ್ಲ ಎಂದು ಅವನೇ ಬೇರೊಂದು ಕಡೆ ಬರೆಸಿದ್ದಾನೆ. 1972ರ ವನ್ಯಜೀವಿ ಕಾಯಿದೆ ಅಷ್ಟಕ್ಕೂ ಎಡೆಗೊಡಲಿಲ್ಲ.

ಮತ್ತೆ ಆ ಮನೆಗೆ ಹೋದಾಗ ಇದನ್ನೆಲ್ಲ ಹೇಳಿದೆ. ಯಜಮಾನರು ಗೋಡೆಯ ಕಡೆ ನೋಡುತ್ತ ಬಹಳ ಹೊತ್ತು ಮಾತಾಡಲಿಲ್ಲ.

“ತಾತನ ಹತ್ತಿರ ಕೋವಿ ಇತ್ತು, ಸ್ವಾಮಿ” ಎಂದರು.