ಬೋಳೆತ್ತಿಗೆ ಸುಂಕವಿಲ್ಲ: ಮಹಾನವಮಿ ಸಂತೆಯ ಕಥೆ

ಆಶ್ವೀಜ ಮಾಸ ಕಾಲಿಟ್ಟಿತೆಂದರೆ ಮರಿಯಮ್ಮನಹಳ್ಳಿ, ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಸಂತೆಗಳ ಬಣ್ಣವೇ ಬದಲಾಗುತ್ತದೆ. ಮುಂಗಾರಿನ ಸಜ್ಜೆ, ನವಣೆ, ಈರುಳ್ಳಿ ಒಂದೊಂದಾಗಿ ಬರತೊಡಗುತ್ತವೆ. ಮಣ್ಣು ಮೆತ್ತಿದ ಹಸಿ ಶೇಂಗಾ ರಾಶಿ ಬೀಳುತ್ತದೆ. ಗುಡ್ಡದ ಕಡೆಯಿಂದ ಸೀತಾಫಲದ ಬುಟ್ಟಿಗಳು ಇಳಿಯುತ್ತವೆ. ಆಯುಧಪೂಜೆಗೆ ಬೂದುಗುಂಬಳ, ಬಾಳೆಕಂದು, ಚೆಂಡುಹೂವು, ಮರುದಿನಕ್ಕೆ ಬನ್ನಿ. ಅದರ ಬೆನ್ನಿಗೇ ಸೀಗೆ ಹುಣ್ಣಿಮೆ. ಅಂದು ರೈತ ತುಂಬಿ ನಿಂತ ಪೈರನ್ನು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲಿ ಬರುತ್ತಾನೆ.

ಈ ನೋಟ ಇಂದು ನೆನ್ನೆಯದಲ್ಲ. ಇದೇ ಸೀಮೆಯಲ್ಲಿ, ಇದೇ ಋತುವಿನಲ್ಲಿ, ಐನೂರು ವರ್ಷಗಳ ಹಿಂದೆ ನಡೆಯುತ್ತಿದ್ದ ಸಂತೆಯ ವಿವರಗಳು ಪರದೇಶದ ಪ್ರವಾಸಿಗಳ ಬರಹದಲ್ಲಿ ಉಳಿದಿವೆ. ಹೊಸಪೇಟೆ ಎಂಬ ಹೆಸರಿನಲ್ಲೇ ಪೇಟೆ ಇದೆ. ಕೃಷ್ಣದೇವರಾಯ ತನ್ನ ತಾಯಿ ನಾಗಲಾಂಬಿಕೆಯ ಹೆಸರಿನಲ್ಲಿ ಕಟ್ಟಿಸಿದ ನಾಗಲಾಪುರವೇ ಮುಂದೆ ಹೊಸಪೇಟೆಯಾಯಿತು ಎಂಬುದು ಪ್ರತೀತಿ.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿ ನಿತ್ಯವೂ ನಗರದ ಒಂದಲ್ಲ ಒಂದು ಭಾಗದಲ್ಲಿ ಸಂತೆ ಸೇರುತ್ತಿತ್ತು ಎಂದು ಬರೆದಿದ್ದಾನೆ. ಶುಕ್ರವಾರದ ಸಂತೆಯಲ್ಲಿ ಕೋಳಿ, ಹಂದಿ, ಸಮುದ್ರದ ಕಡೆಯಿಂದ ಬಂದ ಒಣಮೀನು ಮಾರಾಟಕ್ಕಿರುತ್ತಿದ್ದವು. ಇನ್ನೊಂದು ಬೀದಿಯಲ್ಲಿ ಪ್ರತಿ ಸಂಜೆ ನಿಂಬೆ, ಕಿತ್ತಳೆ, ದ್ರಾಕ್ಷಿ, ತರಕಾರಿ, ಸೌದೆಯ ವ್ಯಾಪಾರ. ಒಂದು ಪಣಕ್ಕೆ ಮೂರು ಗೊಂಚಲು ದ್ರಾಕ್ಷಿ ಅಥವಾ ಹತ್ತು ದಾಳಿಂಬೆ ಸಿಗುತ್ತಿದ್ದವಂತೆ. ಹೇರು ಹೊತ್ತ ಎತ್ತುಗಳು ಎಷ್ಟಿದ್ದವೆಂದರೆ, ಅವು ದಾಟುವ ತನಕ ಕಾಯಬೇಕು, ಇಲ್ಲವೇ ಬೇರೆ ಬೀದಿ ಹಿಡಿಯಬೇಕು ಎನ್ನುತ್ತಾನೆ ಆತ.

ಪಾಯೆಸ್ ಕಂಡದ್ದು ಕೊಳ್ಳುವವನ ಸಂತೆ. ಮಾರುವವನ ಕಷ್ಟ ತಿಳಿಯಬೇಕಾದರೆ ಫರ್ನಾವೊ ನೂನಿಜ್‌ನ ಬರಹಕ್ಕೆ ಬರಬೇಕು. ಕುದುರೆ ವ್ಯಾಪಾರಿಯಾದ ಈತ ಅಚ್ಯುತರಾಯನ ಕಾಲದಲ್ಲಿ, ಅಂದರೆ 1535ರಿಂದ 1537ರ ಸುಮಾರಿಗೆ, ಇಲ್ಲಿದ್ದ. ಲೆಕ್ಕಾಚಾರದ ಮನುಷ್ಯ. ನಾಗಲಾಪುರದ ಹೆಬ್ಬಾಗಿಲಿನ ಸುಂಕವನ್ನು ವರ್ಷಕ್ಕೆ 12,000 ವರಹಕ್ಕೆ ಗುತ್ತಿಗೆ ಕೊಡಲಾಗುತ್ತಿತ್ತು ಎಂದು ಆತ ದಾಖಲಿಸಿದ್ದಾನೆ. ಗುತ್ತಿಗೆದಾರರು ಕೇಳಿದಷ್ಟು ಕೊಡದೆ ಊರವನೂ ಒಳಗೆ ಹೋಗುವಂತಿರಲಿಲ್ಲ, ಪರದೇಶದವನೂ ಹೋಗುವಂತಿರಲಿಲ್ಲ. ರಾಜಧಾನಿಗೆ ಬೇಕಾದದ್ದೆಲ್ಲ ಹೊರಗಿನಿಂದಲೇ ಬರಬೇಕಿತ್ತು. ದಿನಕ್ಕೆ 2,000 ಎತ್ತುಗಳು ಬಾಗಿಲು ದಾಟುತ್ತಿದ್ದವು, ಒಂದೊಂದಕ್ಕೂ ಸುಂಕ. ಆದರೆ ಕೊಂಬಿಲ್ಲದ ಬೋಳೆತ್ತಿಗೆ ಮಾತ್ರ ರಾಜ್ಯದಲ್ಲಿ ಎಲ್ಲಿಯೂ ಸುಂಕವಿರಲಿಲ್ಲವಂತೆ. ಅದೇಕೆ ಎಂಬುದನ್ನು ಆತ ಹೇಳಿಲ್ಲ.

ಹೇರಿನ ಎತ್ತುಗಳ ಹಿಂಡು ಕಟ್ಟಿಕೊಂಡು ಧಾನ್ಯ, ಉಪ್ಪು ಸಾಗಿಸುವುದು ಮುಂದೆ ಬಹುಕಾಲ ಲಂಬಾಣಿಗರ ಕಸುಬಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು, ರಸ್ತೆ ಬಂದ ಮೇಲೆ ಆ ಕಸುಬು ಕೈತಪ್ಪಿತು. ಈ ಭಾಗದ ತಾಂಡಾಗಳ ಜನ ಇಂದು ಒಕ್ಕಲುತನ, ಕೂಲಿಗಳನ್ನು ನಂಬಿದ್ದಾರೆ.

ಶರತ್ಕಾಲವೆಂದರೆ ಆಗ ಹಬ್ಬವಷ್ಟೇ ಅಲ್ಲ, ಲೆಕ್ಕ ಒಪ್ಪಿಸುವ ಕಾಲವೂ ಹೌದು. ಮಹಾನವಮಿಯ ಒಂಬತ್ತು ದಿನಗಳಲ್ಲಿ ನಾಯಕರು ತಮ್ಮ ಸೀಮೆಯ ಕಂದಾಯವನ್ನು ಅರಸನಿಗೆ ಸಲ್ಲಿಸಬೇಕಿತ್ತು. ಆ ಹಣ ಬರುತ್ತಿದ್ದದ್ದು ರೈತನಿಂದ. ಬೆಳೆದದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲನ್ನು ರೈತ ತನ್ನ ಒಡೆಯನಿಗೆ ಕೊಡಬೇಕಿತ್ತು ಎಂದು ನೂನಿಜ್ ಬರೆದಿದ್ದಾನೆ. ಇದು ಅತಿಶಯೋಕ್ತಿ ಎನ್ನುವ ಇತಿಹಾಸಕಾರರಿದ್ದಾರೆ. ಅರ್ಧದಷ್ಟನ್ನು ಕಳೆದರೂ ಹೊರೆ ಸಣ್ಣದಲ್ಲ. ಮಹಾನವಮಿ ದಿಬ್ಬದ ವೈಭವವನ್ನು ನೋಡುವಾಗ ಈ ಮಾತನ್ನೂ ನೆನೆಯುವುದು ಒಳ್ಳೆಯದು.

ಹಾಗೆಂದು ಅರಸರು ಕೇವಲ ಪಡೆದರು ಎನ್ನುವಂತಿಲ್ಲ. ಎರಡು ಗುಡ್ಡಗಳ ನಡುವೆ ಕೃಷ್ಣದೇವರಾಯ ಕಟ್ಟಿಸುತ್ತಿದ್ದ ದೊಡ್ಡ ಕೆರೆಯ ಕೆಲಸದಲ್ಲಿ ಹದಿನೈದು, ಇಪ್ಪತ್ತು ಸಾವಿರ ಜನ ಇರುವೆಗಳಂತೆ ತೊಡಗಿದ್ದನ್ನು ಪಾಯೆಸ್ ಕಂಡಿದ್ದ. ನೀರು ಬಂದ ಭೂಮಿಯನ್ನು ಸಾಗುವಳಿಗೆ ತರಲೆಂದು ಜನರಿಗೆ ಒಂಬತ್ತು ವರ್ಷ ಕಂದಾಯವಿಲ್ಲದೆ ಬಿಡಲಾಗಿತ್ತು. ಆಮೇಲೆ ಅದರ ಹುಟ್ಟುವಳಿ 20,000 ವರಹಕ್ಕೆ ಏರಿತು ಎನ್ನುತ್ತಾನೆ ನೂನಿಜ್. ಆ ಕಾಲದ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರ್ತು ಕಾಲುವೆಗಳು ಇಂದಿಗೂ ಹರಿಯುತ್ತಿವೆ. ಹೊಸಪೇಟೆಯ ಕಬ್ಬಿಗೆ, ಕಮಲಾಪುರ ಹಂಪಿಗಳ ಬಾಳೆಗೆ ಅವೇ ಆಸರೆ.

1565ರ ಯುದ್ಧದ ಬಳಿಕ ರಾಜಧಾನಿ ಹಾಳಾಯಿತು. ಮುತ್ತು ರತ್ನ ಮಾರಿದ ಸಾಲುಮಂಟಪಗಳು ಬರಿದಾದವು. ಜೋಳ, ಕಾಯಿಪಲ್ಲೆಗಳ ಸಂತೆಗೆ ಮಾತ್ರ ಅರಮನೆಯ ಹಂಗು ಇರಲಿಲ್ಲ. ಅದು ಹಳ್ಳಿಗಳಲ್ಲಿ ಉಳಿಯಿತು. ಉಳಿದದ್ದು ಮಾತ್ರವಲ್ಲ, ಹೊಸದನ್ನೂ ಒಳಗೆ ಬಿಟ್ಟುಕೊಂಡಿತು. ಇಂದಿನ ಸಂತೆಯ ಶೇಂಗಾ, ಮೆಣಸಿನಕಾಯಿ, ಮೆಕ್ಕೆಜೋಳ, ಟೊಮೆಟೊ, ಸೀತಾಫಲ, ಕಡೆಗೆ ಹಬ್ಬದ ಚೆಂಡುಹೂವಿನ ಮೂಲವೂ ಅಮೆರಿಕ ಖಂಡ. ಪೋರ್ಚುಗೀಸರ ಹಡಗುಗಳು ಸಮುದ್ರದ ದಾರಿ ತೆರೆದ ಮೇಲೆ ಇವು ಒಂದೊಂದಾಗಿ ಈ ನೆಲಕ್ಕೆ ಬಂದವು. ಪಾಯೆಸ್ ಈಗ ಬಂದರೆ ಬದನೆ, ನಿಂಬೆ, ಜೋಳಗಳನ್ನು ಗುರುತಿಸಿಯಾನು. ನಮ್ಮ ಮಹಾನವಮಿಯ ಹೂವನ್ನು ಆಗಿನ ಸಂತೆಯಲ್ಲಿ ಕಂಡ ನೆನಪು ಅವನಿಗೆ ಇರಲಾರದು.

ಕಳೆದ ಶತಮಾನದಲ್ಲಿ ಸೀಮೆಯ ನಕ್ಷೆಯೇ ಮತ್ತೊಮ್ಮೆ ಬದಲಾಯಿತು. 1945ರಲ್ಲಿ ತುಂಗಭದ್ರಾ ಅಣೆಕಟ್ಟೆಯ ಕೆಲಸ ಆರಂಭವಾಗಿ, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಹಿನ್ನೀರಿನಲ್ಲಿ ಮುಳುಗಿದ ಊರುಗಳಲ್ಲಿ ನಾರಾಯಣದೇವರಕೆರೆಯೂ ಒಂದು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಕಂಪ್ಲಿಯ ಗದ್ದೆಗಳಲ್ಲಿ ಭತ್ತ ತೂಗುವಾಗ, ನೀರಿಗಾಗಿ ಊರು ಬಿಟ್ಟವರ ಸುತ್ತಲಿನ ಎರೆ, ಮಸಾರಿ ಹೊಲಗಳು ಮಳೆಯನ್ನೇ ನೋಡುವಂತಾಯಿತು. ಒಂದೇ ಸೀಮೆಯ ಸಂತೆಯಲ್ಲಿ ನೀರಾವರಿಯ ಭತ್ತ ಮತ್ತು ಮಳೆಯಾಶ್ರಯದ ಸಜ್ಜೆ ಎರಡೂ ಕಾಣುವುದಕ್ಕೆ ಇದೇ ಹಿನ್ನೆಲೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ ಭತ್ತದ ರೈತನೂ ಮುಗಿಲು ನೋಡಬೇಕಾಯಿತು. ವಾರದೊಳಗೆ ತಾತ್ಕಾಲಿಕ ಗೇಟು ಕೂಡಿಸಿದ ಮೇಲಷ್ಟೇ ಆತಂಕ ಇಳಿದದ್ದು.

ಸುಂಕದ ಮಾತೂ ಮುಗಿದಿಲ್ಲ. ಸಂತೆ ಸುಂಕ ಎತ್ತುವ ಹಕ್ಕನ್ನು ಸ್ಥಳೀಯ ಸಂಸ್ಥೆಗಳು ಹರಾಜು ಹಾಕುವುದು ರಾಜ್ಯದ ಅನೇಕ ಊರುಗಳಲ್ಲಿ ರೂಢಿಯಲ್ಲಿದೆ. ನಾಗಲಾಪುರದ ಹೆಬ್ಬಾಗಿಲಿನ ಗುತ್ತಿಗೆಗೂ ಇದಕ್ಕೂ ಇರುವ ಹೋಲಿಕೆ ಎದ್ದು ಕಾಣುತ್ತದೆ. ದೊಡ್ಡ ಮಾಲಿನ ವಹಿವಾಟಿಗೆ 1966ರ ಕಾಯ್ದೆಯನ್ವಯ ಕೃಷಿ ಮಾರುಕಟ್ಟೆ ಸಮಿತಿಗಳು ಬಂದಿವೆ. ತೂಕ, ಹರಾಜು, ದಲಾಲರ ಪರವಾನಗಿಗಳಿಗೆ ನಿಯಮಗಳಿವೆ. ಆದರೆ ಎರಡು ಬುಟ್ಟಿ ಸೀತಾಫಲ, ಅರ್ಧ ಚೀಲ ಶೇಂಗಾ ತರುವ ಹೆಣ್ಣುಮಗಳಿಗೆ ಇಂದಿಗೂ ಸಂತೆಯೇ ಗತಿ. ಅಲ್ಲಿ ಬೆಲೆ ಹೇಳುವವಳೂ ಅವಳೇ, ಚೌಕಾಸಿಗೆ ಬಗ್ಗುವವಳೂ ಅವಳೇ.

ಪ್ರವಾಸಿಗಳು ವಿಜಯನಗರದ ಸಿರಿಯನ್ನು ಸಂತೆಗೆ ಬಂದ ಮಾಲಿನಿಂದ ಅಳೆದರು. ಸಂಜೆ ಸಂತೆ ಮುಗಿದ ಮೇಲೆ ಬೆಳೆದವನ ಸೆರಗಿನಲ್ಲಿ, ಜೇಬಿನಲ್ಲಿ ಎಷ್ಟು ಉಳಿಯಿತು ಎಂಬುದು ಇನ್ನೊಂದು ಅಳತೆ. ಮಹಾನವಮಿಯ ಲೆಕ್ಕ ಪೂರ್ತಿಯಾಗಬೇಕಾದರೆ ಅದನ್ನೂ ಬರೆದುಕೊಳ್ಳಬೇಕು.